ಅಕ್ಕನ ಕಾರಿನ ಗಾಜು

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ, ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಕಾರಿನ ಮುಂದಿನ ಗಾಜು ಒರೆಸಲು ಬಾಗಿದ ಸುಶಮೀಂದ್ರನ ಎದೆ ಧಸಕ್ ಎಂದಿತು. ಗಾಜಿನ ಮೇಲೆ ನಾಲ್ಕು ಗೆರೆ! ಕೂದಲಿಗಿಂತ ತೆಳ್ಳಗೆ, ಬಿಲ್ಲಿನಂತೆ ಬಾಗಿ, ಒಂದರ ಪಕ್ಕ ಒಂದು, ಡ್ರೈವರ್ ಸೀಟಿನ ಎದುರಿಗೇ ಮಲಗಿದ್ದವು. ಮೋಡ ಇದ್ದಿದ್ದರೆ ಕಾಣುತ್ತಲೇ ಇರಲಿಲ್ಲ. ಆದರೆ ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಯಾರ ಮುಲಾಜೂ ಇಲ್ಲ. ಅದು ನಾಲ್ಕನ್ನೂ ಎತ್ತಿ ಎತ್ತಿ ತೋರಿಸಿತು.

ಒರೆಸಿದ. ಹೋಗಲಿಲ್ಲ. ಬಾಯಿಂದ ಹಬೆ ಊದಿ ತಿಕ್ಕಿದ. ಹೋಗಲಿಲ್ಲ. ಉಗುರಿನಿಂದ ಕೆರೆದು ನೋಡಿದ. ಉಗುರಿಗೆ ಸಿಕ್ಕದಷ್ಟು ಸಣ್ಣ ಗೆರೆಗಳು, ಆದರೂ ಹೋಗಲಿಲ್ಲ. ಕೈಯಲ್ಲಿದ್ದ ಚಹಾ ಚೆಲ್ಲಿ ಪಾದ ಸುಟ್ಟಿತು. ಅದೂ ಅವನಿಗೆ ಸ್ವಲ್ಪ ತಡವಾಗಿಯೇ ಗೊತ್ತಾಯಿತು.

ಕಾರು ಯಾರದು ಎಂದು ಹೇಳದಿದ್ದರೆ ಈ ಗಾಬರಿ ನಿಮಗೆ ಅರ್ಥವಾಗುವುದಿಲ್ಲ. ಅದು ಅವನ ಅಕ್ಕ ಲಕ್ಷ್ಮೀಬಾಯಿಯವರದು. ಕುರುಗೋಡಿನಲ್ಲಿ ಮೂವತ್ತು ವರ್ಷ ಹುಡುಗರ ಕಿವಿ ಹಿಂಡಿ, ಹೆಡ್ ಮೇಡಂ ಆಗಿ ನಿವೃತ್ತರಾದ ಮೇಲೆ ತಮ್ಮ ಸ್ವಂತ ದುಡಿಮೆಯಲ್ಲಿ ಕೊಂಡದ್ದು. ಆಕೆಗೆ ಓಡಿಸಲು ಬರುವುದಿಲ್ಲ. ಗಂಡ ಮಧುಸೂದನ ಓಡಿಸುತ್ತಾರೆ, ಆಕೆ ಹಿಂದಿನ ಸೀಟಿನಲ್ಲಿ ಕೂತು "ಸಾವಕಾಶ, ಸಾವಕಾಶ" ಅನ್ನುತ್ತಾರೆ. ಬಾನೆಟ್ಟಿನ ಮೇಲೆ ಕಾಗೆ ಕೂತು ಹೋದರೂ ಆಕೆಗೆ ತಿಳಿಯಬೇಕು.

ಇನ್ನು ಸುಶಮೀಂದ್ರ. ವಯಸ್ಸು ನಲವತ್ತೆಂಟು, ಕಾಲೇಜೊಂದರ ಆಫೀಸಿನಲ್ಲಿ ಕ್ಲರ್ಕು, ಸಾಧು ಮನುಷ್ಯ. ಆದರೆ ಮನೆತನದಲ್ಲಿ ಅವನಿಗೊಂದು ಹೆಸರು ಅಂಟಿಕೊಂಡುಬಿಟ್ಟಿತ್ತು. ಆರನೇ ಇಯತ್ತೆಯಲ್ಲಿ ಅಕ್ಕನ ಪೆನ್ನು ತಗೊಂಡು ನಿಬ್ಬು ಮುರಿದು ಕೊಟ್ಟ. ಆಮೇಲೆ ಛತ್ರಿ, ಆಮೇಲೆ ಟೇಪ್ ರಿಕಾರ್ಡರು, ಆಮೇಲೆ ಸೋದರಮಾವನ ಹೊಸ ಮಿಕ್ಸರು. "ಸುಶಿ ಕೈಗೆ ಕೊಟ್ರ ಆತು, ಆಸೆ ಬಿಟ್ಟುಬಿಡಬೇಕು" ಎಂಬ ಮಾತು ಮದುವೆ ಮುಂಜಿಗಳಲ್ಲಿ ಊಟದ ಪಂಕ್ತಿಯ ಈ ತುದಿಯಿಂದ ಆ ತುದಿವರೆಗೆ ಓಡಾಡುತ್ತಿತ್ತು.

ಹೀಗಿರುವಾಗ ಹೋದ ವಾರ ಭಾವ ಮಧುಸೂದನರೇ ಫೋನು ಮಾಡಿ, "ಸಿರುಗುಪ್ಪಕ್ಕ ಬೀಗರ ಮನಿಗೆ ಬಸ್ಸಿನ್ಯಾಗ ಯಾಕ ಹೋಗ್ತೀಯೋ? ಕಾರ್ ತಗೊಂಡು ಹೋಗು. ನಿಮ್ಮಕ್ಕಗ ನಾ ಹೇಳ್ತೀನಿ" ಎಂದಾಗ, ಸುಶಮೀಂದ್ರ ಫೋನನ್ನು ಕಿವಿಯಿಂದ ತೆಗೆದು ಹೆಸರನ್ನು ಇನ್ನೊಮ್ಮೆ ಓದಿಕೊಂಡಿದ್ದ. ಅಕ್ಕನೂ ಒಪ್ಪಿದ್ದರು. ಶುಕ್ರವಾರ ಸಂಜೆ ಕುರುಗೋಡಿನಲ್ಲಿ ಕೀಲಿ ಕೊಡುವಾಗ ಆಕೆ ಹೇಳಿದ್ದು ಎರಡೇ ಮಾತು. "ಹ್ಯಾಂಗ ಒಯ್ತೀಯೋ ಹಂಗ ತಂದುಕೊಡು. ಒಂದು ಗೀರು ಬೀಳದಂಗ ಬಂತಂದ್ರ, ಮುಂದಿನ ತಿಂಗಳು ವಿಭಾನ ನಿಶ್ಚಿತಾರ್ಥಕ್ಕ ನಾಕು ದಿನ ಕಾರ್ ನಿನ್ನ ಹತ್ರನ ಇರ್ಲಿ. ಬಿತ್ತಂದ್ರ…" ಅಷ್ಟಕ್ಕೇ ನಿಲ್ಲಿಸಿದ್ದರು. ಹೆಡ್ ಮೇಡಂಗಳು ಇಂಥ ವಾಕ್ಯಗಳನ್ನು ಮುಗಿಸುವುದಿಲ್ಲ.

ವಿಭಾ ಅವನ ಒಬ್ಬಳೇ ಮಗಳು. ಆ ನಾಲ್ಕು ದಿನದ ಕಾರನ್ನು ನಂಬಿಕೊಂಡು ಶನಿವಾರ ಸಿರುಗುಪ್ಪದಲ್ಲಿ ಬೀಗರ ಮುಂದೆ ಅವನು ಮಾತೂ ಕೊಟ್ಟುಬಂದಿದ್ದ. ಹುಡುಗನ ಅಜ್ಜಿಗೆ ಎಂಬತ್ತೆರಡು ವರ್ಷ, ಬಸ್ಸು ಹತ್ತಲಾರರು. ಮೊಮ್ಮಗನ ನಿಶ್ಚಿತಾರ್ಥ ನೋಡುವ ಭಾಗ್ಯ ತನಗಿಲ್ಲವೆಂದು ಆಕೆ ಕಣ್ಣಿಗೆ ಸೆರಗು ಒತ್ತಿಕೊಂಡಾಗ ಸುಶಮೀಂದ್ರ ಎದೆ ತಟ್ಟಿಕೊಂಡು, "ಅಜ್ಜೀ, ನಿಮ್ಮನ್ನ ನಾನೇ ಕಾರಿನ್ಯಾಗ ಕರಕೊಂಡು ಹೋಗ್ತೀನಿ" ಅಂದಿದ್ದ. ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟು ಹರಸಿದ್ದರು. ವಾಪಸ್ ಬರುವಾಗ ಭತ್ತದ ಹೊಟ್ಟು ತುಂಬಿದ ಲಾರಿಯೊಂದು ಮುಂದೆ ಸಿಕ್ಕು ಗಾಜೆಲ್ಲ ಧೂಳಾಯಿತು. ಇವನು ನೀರು ಬಿಡದೆ ವೈಪರ್ ಹಾಕಿದ. ಕಿರ್ರ್, ಕಿರ್ರ್ ಎಂದು ನಾಲ್ಕೈದು ಸಲ ಆಡಿತು. ಆ ಕಿರ್ರ್ ಸದ್ದು ಈಗ ಅವನ ಕಿವಿಯಲ್ಲಿ ಮತ್ತೆ ಶುರುವಾಯಿತು.

"ಸುಪ್ರಜಾ!" ಎಂದು ಕೂಗಿದ. ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಯಾರಿಗೋ ಹಾವು ಕಚ್ಚಿದೆ ಎಂದುಕೊಂಡಿದ್ದಳು.

"ಎಲ್ಲಿ? ನನಗೇನೂ ಕಾಣವಲ್ದು."

"ಇಲ್ಲಿ ನಿಲ್ಲು. ಬಗ್ಗು. ತಲಿ ಹಿಂಗ ವಾರೆ ಮಾಡು. ಈಗ?"

"ಓ, ಇವೇನು? ಇಷ್ಟು ಬಗ್ಗಿ, ತಲಿ ವಾರೆ ಮಾಡಿ ನಿಮ್ಮಕ್ಕ ಯಾಕ ನೋಡ್ತಾರ? ಸುಮ್ನ ಬಿಡ್ರಿ" ಎಂದು ಆಕೆ ಒಳಗೆ ಹೋದಳು.

ಆ ದಿನ ಆ ಓಣಿಯಲ್ಲಿ ಹುಟ್ಟಿದ ಬುದ್ಧಿಯ ಮಾತು ಇದೊಂದೇ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಂಜೆ ಐದಕ್ಕೆ ಅಕ್ಕ, ಭಾವ ಬಸ್ಸಿಗೆ ಬಂದು ಕಾರು ಒಯ್ಯುವವರಿದ್ದರು. ಸುಶಮೀಂದ್ರ ಮೊಬೈಲಿನಲ್ಲಿ ಹುಡುಕಿದ. "ಗಾಜಿನ ಗೀರು ಹತ್ತೇ ನಿಮಿಷದಲ್ಲಿ ಮನೆಯಲ್ಲೇ ಮಾಯ" ಎಂಬ ವಿಡಿಯೋ ಸಿಕ್ಕಿತು. ಬಿಳಿ ಅಂಗಿಯವನೊಬ್ಬ ಟೂತ್‌ಪೇಸ್ಟು ಹಚ್ಚಿ, ಮೆತ್ತನೆ ಬಟ್ಟೆಯಲ್ಲಿ ದುಂಡಗೆ ತಿಕ್ಕಿ, ಒರೆಸಿ, ನಕ್ಕ. ಗೀರು ಇರಲಿಲ್ಲ. ಪೇಸ್ಟು ಬಿಳಿಯದಿರಬೇಕು, ಕಾರು ನೆರಳಿನಲ್ಲಿರಬೇಕು, ಒಣಗಲು ಬಿಡಬಾರದು ಎಂದೂ ಅವನು ಹೇಳುತ್ತಿದ್ದ. ಅಷ್ಟರಲ್ಲಿ ಸುಶಮೀಂದ್ರ ವಿಡಿಯೋ ಮುಚ್ಚಿ ಬಚ್ಚಲಿಗೆ ಓಡಿದ್ದ.

ಅವರ ಮನೆಯಲ್ಲಿ ಬಳಸುತ್ತಿದ್ದುದು ಇದ್ದಿಲು, ಉಪ್ಪು ಹಾಕಿದ ಕರಿ ಪೇಸ್ಟು. ಟ್ಯೂಬನ್ನು ಕೊನೆಯವರೆಗೆ ಹಿಂಡಿ ಗಾಜಿಗೆ ಬಳಿದ. ಬಿಸಿಲಿಗೆ ಗಾಜು ಆಗಲೇ ರೊಟ್ಟಿ ಹಂಚಿನಂತೆ ಕಾದಿತ್ತು. ದುಂಡಗೆ ಎರಡು ಸುತ್ತು ತಿಕ್ಕುವಷ್ಟರಲ್ಲಿ ಪೇಸ್ಟು ಗಾರೆಯಂತೆ ಗಟ್ಟಿಯಾಗಿ ಕೂತಿತು. ನೀರು ಹಾಕಿದರೆ ಜಾರದು, ಬಟ್ಟೆಗೆ ಬಗ್ಗದು. ಮಗಳ ಸ್ಕೇಲು ತಂದು ಕೆರೆದ. ಉಪ್ಪಿನ ಹರಳು ಸ್ಕೇಲಿಗೆ ಸಿಕ್ಕು ಕಚಕಚ ಎಂದವು. ಎಲ್ಲ ತೊಳೆದು ನೋಡಿದರೆ ಗೆರೆಗಳು ನಾಲ್ಕಲ್ಲ, ಹದಿನಾಲ್ಕು!

"ಅಯ್ಯಯ್ಯಪ್ಪಾ!" ಎಂದು ಅಲ್ಲೇ ಕಟ್ಟೆಯ ಮೇಲೆ ಕುಸಿದ.

"ಏನ್ರಿ ಕ್ಲರ್ಕ್ ಸಾಹೇಬ್ರ, ಕಾರಿಗೆ ಹಲ್ಲುಜ್ಜಾಕತ್ತೀರಿ?"

ಎದುರು ಮನೆಯ ಹೊನ್ನೂರಪ್ಪ. ಸಿರುಗುಪ್ಪದ ಕಡೆಯ ಅಕ್ಕಿ ಗಿರಣಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ರಿಟೈರಾದವನು. ಅಂದಿನಿಂದ ಇಡೀ ಓಣಿಗೆ ಸೂಪರ್‌ವೈಸರ್. ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದು ಗಾಜು ನೋಡಿ ಹುಬ್ಬೇರಿಸಿದ. ಸುಶಮೀಂದ್ರ ಎಲ್ಲ ಹೇಳಿಕೊಂಡ. ಹೇಳಿಕೊಳ್ಳಬಾರದಿತ್ತು.

"ಥೂ ಥೂ, ಪೇಸ್ಟು ಹಲ್ಲಿಗೆ ಸಾಹೇಬ್ರ. ಗಾಜಿಗೆ ಹೊಟ್ಟಿನ ಬೂದಿನೇ ಆಗಬೇಕು. ಭತ್ತದ ಹೊಟ್ಟು ಸುಟ್ಟ ಬೂದಿ, ನಮ್ ಗಿರಣಿದು. ಮನ್ಯಾಗ ಒಂದು ಚೀಲ ಐತಿ. ಏ ಗಾದೆಮ್ಮಾ, ಬಾ ಇಲ್ಲಿ! ನೀ ಸಣ್ಣಾಕಿದ್ದಾಗ ಕಂದೀಲು ಗಾಜು ಯಾತರಾಗ ತಿಕ್ಕತಿದ್ದಿ? ಹೇಳು ಇವ್ರಿಗೆ."

ಪಕ್ಕದ ಮನೆಯ ಗಾದೆಮ್ಮ ರೊಟ್ಟಿ ಮಾಡಿ ಮಾರುವಾಕೆ. ರಟ್ಟೆ ಅಂದರೆ ಅವಳ ರಟ್ಟೆ. "ಬೂದಿಲೇ ಮತ್ತ! ಹಂಗ್ ತಿಕ್ಕಿದ್ರ ಗಿಲ್ ಅಂತಿತ್ರಿ ಗಾಜು, ಮಾರಿ ಕಾಣ್ತಿತ್ತು" ಎನ್ನುತ್ತ ಸೀರೆ ಎತ್ತಿ ಕಟ್ಟಿ, ತೆಂಗಿನ ನಾರು ಹಿಡಿದುಕೊಂಡೇ ಬಂದಳು.

ಸುಪ್ರಜಾ ಕಿಟಕಿಯಿಂದ ಹೇಳಿದಳು, "ಕಂದೀಲಿಗೆ ಹತ್ತಿದ್ದು ಮಸಿ. ಇದಕ್ಕ ಬಿದ್ದದ್ದು ಗೀರು. ಎರಡೂ ಒಂದೇನ್ರಿ?"

"ತಂಗಿ, ನೀ ಒಗ್ಗರಣಿ ನೋಡ್ಕೋ" ಎಂದ ಹೊನ್ನೂರಪ್ಪ.

ಗಾದೆಮ್ಮ ಗಾಜಿನ ಮೇಲೆ ಬೂದಿ ಚೆಲ್ಲಿ, ನಾರಿನಿಂದ ತಿಕ್ಕಿದಳು. ಎರಡು ಕೈಲಿ ತಿಕ್ಕಿದಳು. ಕಾರು ಸ್ಪ್ರಿಂಗಿನ ಮೇಲೆ ತೊಟ್ಟಿಲಿನಂತೆ ಆಡಿತು. ಸುಶಮೀಂದ್ರ "ಸಾವಕಾಶ, ಸಾವಕಾಶ" ಅನ್ನುತ್ತ ಸುತ್ತ ಓಡಾಡಿದ. ತನ್ನ ಬಾಯಿಂದ ಅಕ್ಕನ ಮಾತು ಬರುತ್ತಿದೆ ಎಂದು ಗೊತ್ತಾಗಿ ಇನ್ನಷ್ಟು ಹೆದರಿದ. ಅರ್ಧ ಗಂಟೆಯ ಮೇಲೆ ಕೊಡಗಟ್ಟಲೆ ನೀರು ಹಾಕಿ ತೊಳೆದರು. ಹದಿನಾಲ್ಕು ಗೆರೆ ಇರಲಿಲ್ಲ ನಿಜ. ಎಣಿಸಲು ಬರುವಂಥದು ಏನೂ ಉಳಿದಿರಲಿಲ್ಲ. ಡ್ರೈವರ್ ಎದುರಿನ ಗಾಜು, ತಟ್ಟೆಯಷ್ಟಗಲ ಜಾಗ, ಕಣ್ಣಿಗೆ ಪೊರೆ ಬಂದಂತೆ ಬೆಳ್ಳಗಾಗಿತ್ತು!

ಗಾದೆಮ್ಮ ಮೆಲ್ಲಗೆ, "ಆಗಿನ ಗಾಜು ಗಟ್ಟಿ ಇದ್ವು ಬಿಡ್ರಿ" ಎಂದು ನಾರು ಹಿಂದೆ ಮುಚ್ಚಿಟ್ಟುಕೊಂಡಳು.

ಸುಶಮೀಂದ್ರನಿಗೆ ಅಳು ಬಂತು. ಸಿರುಗುಪ್ಪದ ಅಜ್ಜಿಯ ಕೈ ಇನ್ನೂ ತಲೆಯ ಮೇಲೆಯೇ ಇದ್ದಂತಿತ್ತು. ವಿಭಾ ಬಾಗಿಲಿಗೆ ಬಂದು ಗಾಜು ನೋಡಿ, ಅಪ್ಪನ ಮುಖ ನೋಡಿ, "ಹೋಗ್ಲಿ ಬಿಡಪ್ಪ" ಎಂದಳು. ಆ ಮಾತು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮಧ್ಯಾಹ್ನ ಒಂದಕ್ಕೆ ಮೇಲಿನ ಮನೆಯ ತಿಪ್ಪೇಶ ಎದ್ದು ಕೆಳಗೆ ಬಂದ. ಅವನು ಜೀನ್ಸ್ ಕಾರ್ಖಾನೆಯವನು. ಊರಲ್ಲಿ ಹೊಲಿಯುವ ಹೊಸ ಪ್ಯಾಂಟುಗಳನ್ನು ಎಮರಿ ಕಾಗದದಿಂದ ಉಜ್ಜಿ ಉಜ್ಜಿ, ತೊಡೆಯ ಹತ್ತಿರ ಬೆಳ್ಳಗೆ ಮಾಡಿ, ಹತ್ತು ವರ್ಷ ಹಾಕಿ ಸವೆಸಿದಂತೆ ಕಾಣಿಸುವುದು ಅವನ ಕಸುಬು. ಹದಿನೆಂಟು ವರ್ಷದ ಕೈ. ಬಾಂಬೆ, ದಿಲ್ಲಿಯ ಅಂಗಡಿಯವರೂ ತಿಪ್ಪೇಶನ ಕೈಯೇ ಬೇಕು ಅನ್ನುತ್ತಾರಂತೆ. ಅವನು ಗಾಜಿನ ಮೇಲೆ ಅಂಗೈ ಆಡಿಸಿದ, ಕಣ್ಣು ಮುಚ್ಚಿದ, ನಾಡಿ ನೋಡುವ ವೈದ್ಯರಂತೆ ತಲೆ ಆಡಿಸಿದ.

"ಸಾರ್, ಒಂದು ಮಾತು ಕೇಳ್ತೀನಿ. ಈ ಬಿಳಿ ಕಲೆ ಯಾಕ ಕಾಣ್ತೈತಿ?"

"ಯಾಕ?"

"ಸುತ್ತ ನುಣ್ಣಗೈತಿ ಅಂತ. ಸುತ್ತಾನೂ ಒಂದೇ ಸಮ ಉಜ್ಜಿಬಿಟ್ರ ಕಲೆ ಎಲ್ಲಿರ್ತೈತಿ? ಹೇಳ್ರಿ ನೋಡೋಣ."

ಸುಶಮೀಂದ್ರ ಯೋಚಿಸಿದ. ಹೊನ್ನೂರಪ್ಪ ಯೋಚಿಸಿದ. ಬಿಸಿಲು ನೆತ್ತಿಗೇರಿತ್ತು, ಊಟ ಆಗಿರಲಿಲ್ಲ, ಐದಕ್ಕೆ ನಾಲ್ಕೇ ಗಂಟೆ ಉಳಿದಿತ್ತು. ಅಂಥ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಸತ್ಯ ಜಗತ್ತಿನಲ್ಲಿ ಇಲ್ಲವೆನಿಸಿತು. "ಬಿಲ್ಕುಲ್ ಖರೇ ಮಾತು!" ಎಂದ ಹೊನ್ನೂರಪ್ಪ. ಸುಪ್ರಜಾ ಕಿಟಕಿ ಮುಚ್ಚಿಕೊಂಡಳು.

ತಿಪ್ಪೇಶ ಮೇಲಿನಿಂದ ತನ್ನ ಉಜ್ಜುವ ಕೈ ಮಷೀನು, ಮೂರು ನಮೂನೆಯ ಎಮರಿ ಕಾಗದ ತಂದ. ಎದುರು ಮನೆಯ ನೆರಳಿಗೆ ಕಾರನ್ನು ತಳ್ಳಿಸಿದ. ನೆರಳಿನ ಬುದ್ಧಿ ಬೆಳಿಗ್ಗೆಯೇ ಯಾರಿಗಾದರೂ ಬರಬೇಕಿತ್ತು. ಆಮೇಲೆ ಮಷೀನು ಗುಂಯ್ ಎಂದಿತು. ಅವನ ಕೈ ನಿಜಕ್ಕೂ ನೋಡುವಂಥದೇ. ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ, ಒಂದಿಷ್ಟೂ ನಡುಗದೆ ತೇಲುತ್ತಿತ್ತು. ಬಿಳಿ ಹಿಟ್ಟು ಹಾರಿ ಅವನ ಮೀಸೆ, ಹುಬ್ಬು ನೆರೆತವು. ಓಣಿಯ ಹೆಂಗಸರು ಊಟದ ತಟ್ಟೆ ಹಿಡಿದೇ ಬಂದು ನಿಂತರು. ಯಾರೋ ಕುರ್ಚಿಯನ್ನೂ ಹಾಕಿದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮಷೀನು ನಿಂತಿತು. ತಿಪ್ಪೇಶ ಬಟ್ಟೆಯಿಂದ ಒರೆಸಿ ಪಕ್ಕಕ್ಕೆ ಸರಿದ.

ಸುಶಮೀಂದ್ರ ಬಗ್ಗಿ ನೋಡಿದ. ಕಲೆಯೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಗಾಜೂ ಇರಲಿಲ್ಲ ಅನ್ನಬೇಕು! ಈ ಮೂಲೆಯಿಂದ ಆ ಮೂಲೆವರೆಗೆ ಹಾಲಿನಂಥ ಬಿಳುಪು. ನಡುವೆ ಗಾಢವಾಗಿ ಬೆಳ್ಳಗೆ, ಅಂಚಿಗೆ ಬರುತ್ತ ಬರುತ್ತ ತಿಳಿಯಾಗಿ, ಹೊಸ ಜೀನ್ಸಿನ ತೊಡೆಯಂತೆಯೇ ಚೆಂದವಾಗಿ ಮಾಸಿತ್ತು. ಎರಡೂ ಕಡೆ ಕೆಳಮೂಲೆಯಲ್ಲಿ ಮೂರು ಮೂರು ಬಾಗಿದ ಎಳೆ ಬೇರೆ.

"ಅವೇನೋ ಅವು?" ಎಂದು ಕೀರಲು ದನಿಯಲ್ಲಿ ಕೇಳಿದ.

"ಮೀಸಿ ಸಾರ್. ಪ್ಯಾಂಟಿಗೆ ಜೇಬಿನ ಹತ್ರ ಎಳಿತೀವಲ್ಲ, ಮಡಿಕಿ ಬಿದ್ದಂಗ. ಕೈ ರೂಢಿ, ತಾನೇ ಬಂದುಬಿಡ್ತು. ಬ್ಯಾಡಂದ್ರ ಅಳಿಸ್ತೀನಿ."

ಸುಶಮೀಂದ್ರ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತ. ಎದುರಿಗೆ ಓಣಿ ಇಲ್ಲ, ಹೊನ್ನೂರಪ್ಪನ ಮನೆ ಇಲ್ಲ. ಬಳ್ಳಾರಿಯಲ್ಲಿ ಎಲ್ಲಿ ನಿಂತರೂ ಕಾಣುವ ಕೋಟೆಯ ಗುಡ್ಡ, ಅಷ್ಟು ದೊಡ್ಡ ಬಂಡೆಗಲ್ಲಿನ ಗುಡ್ಡ, ಅದೂ ಇಲ್ಲ! ಸ್ಟೇರಿಂಗಿಗೆ ತಲೆಯಿಟ್ಟ. ಹಾರ್ನು ಒತ್ತಿಕೊಂಡು ಊರೆಲ್ಲ ಕೇಳುವಂತೆ ಕೂಗಿಕೊಂಡಿತು.

ಹಾರ್ನು ನಿಂತಾಗ ಕೇಳಿದ್ದು ಅಕ್ಕನ ದನಿ.

"ಸುಶಿ, ಯಾಕ ಹಾರ್ನ್ ಹೊಡೀಲಿಕ್ಕತ್ತೀ?"

ಐದರ ಬಸ್ಸಿಗೆ ಬರಬೇಕಾದವರು ನಾಲ್ಕಕ್ಕೇ ಬಂದಿದ್ದರು. ಲಕ್ಷ್ಮೀಬಾಯಿ ಓಣಿಯ ನಡುವೆ ನಿಂತಿದ್ದರು, ಹಿಂದೆ ಕೈಚೀಲ ಹಿಡಿದ ಮಧುಸೂದನ. ಆಕೆ ಗಾಜನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಹಾಕಿಕೊಂಡು, ಮತ್ತೆ ನೋಡಿದರು.

"ಆಲಿಕಲ್ಲು ಬಿತ್ತ್ರಿ ಮೇಡಂ, ಇಂತಿಂಥವು!" ಎಂದ ಹೊನ್ನೂರಪ್ಪ.

"ಮಂಗ್ಯಾ ಬಂದಿತ್ರಿ ಅವ್ವಾ, ಗುಡ್ಡದಿಂದ!" ಎಂದಳು ಗಾದೆಮ್ಮ, ಅದೇ ಉಸಿರಿಗೆ.

"ನಾನೇ ಮಾಡಿದ್ದು ಮೇಡಂ!" ಎಂದ ತಿಪ್ಪೇಶ, ಎದೆಯುಬ್ಬಿಸಿ.

ಲಕ್ಷ್ಮೀಬಾಯಿ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಮೂವರೂ ಅವರವರ ಮನೆಯ ಕಟ್ಟೆಗೆ ಸರಿದುಕೊಂಡರು. ಸುಶಮೀಂದ್ರ ಕಾರಿನಿಂದ ಇಳಿದ. ಇಳಿಯುವಾಗಲೇ ಸುಳ್ಳು ಹೇಳುವುದಿಲ್ಲ ಎಂದು ಗಟ್ಟಿಮಾಡಿಕೊಂಡಿದ್ದ. ಹೊಟ್ಟಿನ ಲಾರಿ, ಒಣ ವೈಪರು, ಕರಿ ಪೇಸ್ಟು, ಬೂದಿ, ಎಮರಿ ಕಾಗದ, ಸಿರುಗುಪ್ಪದ ಅಜ್ಜಿಗೆ ಕೊಟ್ಟ ಮಾತು, ಎಲ್ಲ ಹೇಳಿದ. ಆರನೇ ಇಯತ್ತೆಯ ಹುಡುಗನಂತೆ ಕೈಕಟ್ಟಿ ಹೇಳಿದ. "ಮೊದಲಿನ ಗೆರಿನೂ ನಂದೇ ಅಕ್ಕಾ, ಆಮ್ಯಾಲಿನವೂ ನನ್ನವೇ. ನಿನ್ನ ಕಾರಿಗೆ ಏನೂ ಆಗಬಾರ್ದು ಅಂತ ಮಾಡಿದ್ದು" ಎಂದ.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಮ್ಮ ಸಾಲಿ ಬಚ್ಚಲಿಗೆ ಇಂಥಾ ಗಾಜು ಹಾಕಿಸಿದ್ವಿ, ಒಳಗಿದ್ದವರು ಕಾಣಬಾರ್ದು ಅಂತ" ಎಂದಷ್ಟೇ ಹೇಳಿದರು. "ಸುಶಿ, ಮುಂದಿನ ತಿಂಗಳು ಕಾರ್ ಕೇಳಬ್ಯಾಡ. ಯಾವತ್ತೂ ಕೇಳಬ್ಯಾಡ. ಆ ಅಜ್ಜಿಗೆ ನೀನ ಫೋನ್ ಮಾಡಿ ಹೇಳು. ಸುಪ್ರಜಾ, ಒಂದು ಲೋಟ ನೀರು ಕೊಡವಾ" ಎಂದು ಒಳಗೆ ನಡೆದರು. ಬಾಗಿಲಲ್ಲಿದ್ದ ವಿಭಾ ದಾರಿ ಬಿಟ್ಟಳು. ಅವಳ ಕಣ್ಣು ತುಂಬಿದ್ದು ಸುಶಮೀಂದ್ರನಿಗೆ ಕಂಡಿತು, ಆ ಗಾಜಿನ ಮೂಲಕ ನೋಡಿದ್ದರೆ ಕಾಣುತ್ತಿರಲಿಲ್ಲವೇನೋ.

ಭಾವ ಒಳಗೆ ಹೋಗಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದರು. ಗಾಜಿನ ಮೇಲೆ ಬೆರಳಾಡಿಸಿದರು. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ಇವರು ಹೊಡೆದೇ ಬಿಡುತ್ತಾರೆ ಎಂದು ಸುಶಮೀಂದ್ರ ಕೆನ್ನೆಯನ್ನು ಸ್ವಲ್ಪ ಮುಂದೆ ಮಾಡಿ ನಿಂತ. ಭಾವ ಅವನ ರಟ್ಟೆ ಹಿಡಿದು ಡಿಕ್ಕಿಯ ಹಿಂದಕ್ಕೆ ಎಳೆದೊಯ್ದರು. ಒಳಬಾಗಿಲ ಕಡೆ ಒಮ್ಮೆ ನೋಡಿ, ಕಿವಿಗೆ ಬಾಯಿಟ್ಟರು.

"ಏನು ಮಾಡಿಟ್ಯೋ ಮಾರಾಯಾ! ನಾ ಹಾಕಿ ಕೊಟ್ಟಿದ್ದು ನಾಕೇ ಗೆರಿ!"

ಸುಶಮೀಂದ್ರನಿಗೆ ತಿಳಿಯಲಿಲ್ಲ. "ಯಾವ ನಾಕು ಭಾವಾ?"

"ನನ್ನವು! ಹೋದ ತಿಂಗಳು ಸಂಗನಕಲ್ಲಿನ ಹತ್ರ ಜಲ್ಲಿ ಲಾರಿ ಧೂಳೆಬ್ಬಿಸ್ತು. ನೀರು ಬಿಡದ ವೈಪರ್ ಹಾಕಿಬಿಟ್ಟೆ. ನಿಮ್ಮಕ್ಕ ಹಿಂದಿನ ಸೀಟಿನ್ಯಾಗ ಕೂಡ್ತಾಳ, ಅದಕ್ಕ ಇಷ್ಟು ದಿನ ಬಚಾವ್ ಆದೆ. ಆದ್ರ ಎಷ್ಟು ದಿನ? ಒಮ್ಮೆ ನಿನ್ನ ಕೈಗೆ ಹೋಗಿ ಬಂತಂದ್ರ, ನಿನ್ನ ಹೆಸರಿಗೆ ಹೋಗ್ತದ ಅಂತನ ಕಾರ್ ಕೊಡಿಸಿದ್ದು! ನಾಕು ಗೆರಿಗೆ ಆಕಿ ನಿನಗ ನಾಕು ಮಾತು ಅಂತಿದ್ಲು, ಮರೀತಿದ್ಲು. ನಿಶ್ಚಿತಾರ್ಥಕ್ಕ ಕಾರ್ ನಾನ ಹೆಂಗರ ಮಾಡಿ ಕೊಡಸ್ತಿದ್ದೆ. ಈಗ ನಾ ಏನ್ ಹೇಳ್ಲಿ?"

ಸುಶಮೀಂದ್ರ ಬೆರಳು ಮಡಿಚಿ ದಿನಗಳನ್ನು ಎಣಿಸಿದ. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ, ಇನ್ನೊಬ್ಬರ ವಸ್ತುವನ್ನು ಅವನು ಹೇಗೆ ತಂದನೋ ಹಾಗೇ ಇಟ್ಟಿದ್ದ! ಶುಕ್ರವಾರದಿಂದ ಭಾನುವಾರ ಬೆಳಿಗ್ಗೆ ಎಂಟರವರೆಗೆ ಅವನ ಕೈಯಿಂದ ಆ ಕಾರಿಗೆ ಒಂದೇ ಒಂದು ಗೀರೂ ಬಿದ್ದಿರಲಿಲ್ಲ. ಮೈಯೆಲ್ಲ ಉರಿಯಿತು. ರಟ್ಟೆ ಬಿಡಿಸಿಕೊಂಡು ಮನೆಯ ಕಡೆ ತಿರುಗಿದ.

"ಅಕ್ಕಗ ಹೇಳ್ತೀನಿ. ಈಗಿಂದೀಗ ಹೇಳ್ತೀನಿ."

"ಹೇಳು. ನಾನೂ ಬರ್ತೀನಿ ನಡಿ, ದೇವರಾಣಿ ಒಪ್ಕೋತೀನಿ" ಎಂದರು ಭಾವ, ತೀರಾ ಸೋತ ದನಿಯಲ್ಲಿ. "ಆದ್ರ ಆಕಿ ಹೆಡ್ ಮೇಡಂ ಇದ್ದಾಕಿ. ಬಾಯಿಮಾತು ನಂಬಂಗಿಲ್ಲ, ತೋರ್ಸು ಅಂತಾಳ. ನನ್ನವು ಯಾವ ನಾಕು ಅಂತ ಹ್ಯಾಂಗ ತೋರಸ್ತೀ?"

ಇಬ್ಬರೂ ಗಾಜಿನ ಎದುರಿಗೆ ಬಂದು ಬಗ್ಗಿದರು. ತಲೆ ವಾರೆ ಮಾಡಿದರು. ಎಡದಿಂದ ನೋಡಿದರು, ಬಲದಿಂದ ನೋಡಿದರು. ತಿಪ್ಪೇಶ ಒಳ್ಳೆಯ ಕೆಲಸಗಾರ, ಒಂದೂ ಉಳಿಸಿರಲಿಲ್ಲ.

"ಏನ್ರಿ ಅದು ಹೊರಗ ಪಿಸುಪಿಸು?" ಒಳಗಿನಿಂದ ಲಕ್ಷ್ಮೀಬಾಯಿಯವರ ದನಿ ಬಂತು.

ಮಧುಸೂದನ ನೆಟ್ಟಗೆ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದರು. "ಏನಿಲ್ಲ! ಬ್ಯಾರೆಯವರ ವಸ್ತು ತಗೊಂಡ್ರ ಹ್ಯಾಂಗ ಜ್ವಾಪಾನ ಮಾಡಬೇಕು ಅಂತ ನಿನ್ನ ತಮ್ಮಗ ಬುದ್ಧಿ ಹೇಳ್ಲಿಕ್ಕತ್ತೀನಿ!"

"ಹೇಳ್ರಿ, ಹೇಳ್ರಿ" ಎಂದರು ಲಕ್ಷ್ಮೀಬಾಯಿ. "ನಿಮ್ಮನ್ನ ನೋಡಿಯಾದ್ರೂ ಕಲೀಲಿ."